ಪಿಲ್‌ಬೀಮ್ ಕೇಳದ ಕೊನೆಯ ಮಾತು

ಆಂಬ್ರೋಸ್ ಪಿಲ್‌ಬೀಮನ ಹೆಸರು ಕೇಳಿದರೆ ಲಂಡನ್ನಿನ ನಾಟಕದವರ ಎದೆ ಡವಗುಟ್ಟುತ್ತಿದ್ದ ಕಾಲವೊಂದಿತ್ತು. ಸಣ್ಣ ಊರಿನ ಬೂಟು ಅಂಗಡಿಯವನ ಮಗ, ಪತ್ರಿಕೆ ಸೇರಿ ದೊಡ್ಡ ವಿಮರ್ಶಕನಾದ. ಅವನು ಹೊಗಳಿದರೆ ಟಿಕೆಟ್ಟಿಗೆ ಸಾಲು, ತೆಗಳಿದರೆ ನಾಟಕಕ್ಕೆ ಮಂಗಳ. ಬೆಳಗಿನ ಪತ್ರಿಕೆಗೆ ಬರಹ ಮುಟ್ಟಬೇಕಲ್ಲ, ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ಹೋಗಿ ಬಾಗಿಲ ಬಳಿಯ ಫೋನಿನಲ್ಲಿ ಪತ್ರಿಕೆಯ ಟೈಪಿಸ್ಟಳಿಗೆ ವಿಮರ್ಶೆ ಹೇಳಿ ಬರೆಸಿಬಿಡುತ್ತಿದ್ದ. ನೋಡದ ದೃಶ್ಯಕ್ಕೂ ತೀರ್ಪು ಕೊಡುವ ಭಂಡತನ ಅವನದು.

ಹಾಗೆಯೇ ಒಮ್ಮೆ ವೆರೀನಾ ಲೈಲ್ ಎಂಬ ನಟಿಯ ಬಗ್ಗೆ, "ಕೊನೆಯ ದೃಶ್ಯದಲ್ಲಂತೂ ಜೀವವೇ ಇಲ್ಲ" ಎಂದು ಬರೆಸಿದ. ಆಮೇಲೆ ಅವಳಿಗೆ ಯಾರೂ ಪಾತ್ರ ಕೊಡಲಿಲ್ಲ. ಬಾಡಿಗೆ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತಳು. ಅಂದಿನಿಂದ ಪಿಲ್‌ಬೀಮನಿಗೆ ಒಂದೇ ಕೊರಗು: ಆ ದೃಶ್ಯದಲ್ಲಿ ಅವಳು ನಿಜಕ್ಕೂ ಹೇಗಿದ್ದಳು?

ಅವನು ನಿವೃತ್ತನಾದ ಮೇಲೆ ಅದೇ ಥಿಯೇಟರಿನಲ್ಲಿ ಅದೇ ನಾಟಕ ಮತ್ತೆ ಕಟ್ಟಿದರು. ಮೊದಲ ಪ್ರದರ್ಶನಕ್ಕೆ ಹೋಗಲು ಮುಖವಿಲ್ಲದೆ, ಅದರ ಹಿಂದಿನ ದಿನ ಮಧ್ಯಾಹ್ನದ ತಾಲೀಮಿಗೆ ಹೋದ.

"ಏನ್ ಸರ್, ಇವತ್ತಾದ್ರೂ ಕೂರ್ತೀರೋ, ಇಲ್ಲಾ ಫೋನಿಗೆ ಓಡ್ತೀರೋ?" ಬಾಗಿಲು ಕಾಯುವ ಮುದುಕಿ ಟ್ಯಾಪ್‌ಸೆಲ್ ಕುಟುಕಿದಳು.

"ಕೂರ್ತೀನಿ ಬಿಡಮ್ಮ."

"ಕೂತು ಏನ್ ಬಂತು? ತಾಲೀಮಲ್ಲಿ ನಾಟಕದ ಕೊನೇ ಮಾತು ಆಡಲ್ಲ. ಆಡಿದ್ರೆ ಅಪಶಕುನ ಅಲ್ವಾ?"

ಅಷ್ಟು ವರ್ಷ ನಾಟಕದವರ ನಡುವೆ ಬಾಳಿದವನಿಗೆ ಆ ಪದ್ಧತಿ ಮರೆತೇ ಹೋಗಿತ್ತು. ಕೊನೆಯ ಮಾತಿನ ಹಂಗೇ ಇಲ್ಲದವನು! ಆದರೂ ಹೋಗಿ ತನ್ನ ಹಳೆಯ ಅಂಚಿನ ಕುರ್ಚಿಯಲ್ಲಿ ಕೂತ.

ಕೊನೆಯ ದೃಶ್ಯ ಬಂತು. ಕಾಲುಗಳು ಅಭ್ಯಾಸಬಲದಿಂದ ಎದ್ದವು. ಆಗ ಮಡಚಿಕೊಂಡಿದ್ದ ಪಕ್ಕದ ಖಾಲಿ ಕುರ್ಚಿ ಯಾರೋ ಕೂತ ಹಾಗೆ ಮೆಲ್ಲಗೆ ಬಿಚ್ಚಿಕೊಂಡಿತು. ತಣ್ಣನೆಯ ಬೆರಳುಗಳು ಅವನ ತೋಳು ಹಿಡಿದು ಕೂರಿಸಿದವು.

ವೇದಿಕೆಯ ಹೊಸ ನಟಿ ಕೊನೆಯ ಮಾತಿನ ಮುಂದೆ ತುಟಿ ಮುಚ್ಚಿ ನಿಂತಳು. ಆ ಮೌನದಲ್ಲಿ, ಅವನ ಕಿವಿಯ ಪಕ್ಕದಲ್ಲೇ, ವೆರೀನಾ ಆ ಮಾತು ಹೇಳಿದಳು: "ಬಾಗಿಲು ಹಾಕಬೇಡಿ. ಅವನು ಬಂದರೂ ಬಂದಾನು."

ಎಷ್ಟು ಸರಳವಾಗಿ ಹೇಳಿದಳು! ಅದಕ್ಕಿಂತ ಜೀವವಿದ್ದ ಮಾತನ್ನು ಅವನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಮುದುಕ ಬಿಕ್ಕಿ ಬಿಕ್ಕಿ ಅತ್ತ. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ.

ತಡವರಿಸುತ್ತ ಫೋನಿನ ಬಳಿ ಹೋಗಿ ತನ್ನ ಹಳೆಯ ಪತ್ರಿಕೆಗೆ ಕರೆ ಮಾಡಿದ.

"ತಿದ್ದುಪಡಿ ಇದೆ, ಬರ್ಕೊಳ್ಳಮ್ಮ. ಕೊನೇ ದೃಶ್ಯದಲ್ಲಿ ವೆರೀನಾ ಲೈಲ್ ಅದ್ಭುತ. ಅವತ್ತು ನಾನು ನೋಡದೇ ಬರೆಸಿದ್ದೆ."

ಆ ಕಡೆ ಟೈಪಿಂಗ್ ನಿಂತಿತು. ಈಗಷ್ಟೇ ಕಿವಿಯ ಪಕ್ಕ ಕೇಳಿದ್ದ ದನಿಯೇ ಕೇಳಿತು: "ಈ ಸಲ ಕೊನೇವರೆಗೂ ಕೂತಿದ್ರಾ?"

"ಕೂತಿದ್ದೆ," ಎಂದ ಪಿಲ್‌ಬೀಮ್.

ಟೈಪಿಂಗ್ ಮತ್ತೆ ಶುರುವಾಯಿತು.