ಎಂಟು ಮೀಟರ್ ನೀರಿಗೆ ಹತ್ತು ಮೀಟರ್ ಹಗ್ಗ

ತೊಂಬತ್ತರ ದಶಕದಲ್ಲಿ, ಶಿರಾಳಕೊಪ್ಪದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಇದ್ದಕ್ಕಿದ್ದಂತೆ ಒಂದು ಹಾಯಿದೋಣಿಯ ಪಾಲುದಾರರಾದರು. ಹಡಗಿನಲ್ಲಿ ಎಂಜಿನಿಯರಾಗಿ ನಿವೃತ್ತರಾದ ಕರಾವಳಿಯ ಗೆಳೆಯರೊಬ್ಬರು ತಮ್ಮ ದೋಣಿಯ ಎಂಜಿನ್ ಕೆಟ್ಟಿದೆಯೆಂದು ಕರೆಸಿದ್ದರು. ಮಾವ ಹೋದದ್ದು ರಿಪೇರಿಗೆ, ಮರಳಿ ಬಂದದ್ದು ಅರ್ಧ ದೋಣಿಯ ಮಾಲೀಕರಾಗಿ. ನೀರಿನ ವಿಷಯದಲ್ಲಿ ಅವರಿಗಿದ್ದ ಅನುಭವವೆಂದರೆ ಬಳ್ಳಿಗಾವಿಯ ಕೆರೆಯಲ್ಲಿ ಎಮ್ಮೆ ತೊಳೆದದ್ದು. ಅದು ಗಟ್ಟಿ ಅನುಭವವೇ. ಒಂದು ಎಮ್ಮೆಯೂ ಮುಳುಗಿರಲಿಲ್ಲ.

ಅತ್ತೆ ಆರು ತಿಂಗಳು ಈ ಬಗ್ಗೆ ಮಾತೇ ಎತ್ತಲಿಲ್ಲ. ಆಮೇಲೊಂದು ದಿನ ಊಟಕ್ಕೆ ಬಡಿಸುತ್ತಾ ಹೇಳಿದರು: "ನಾನೂ ಒಂದ್ಸಲ ಬಂದು ನೋಡ್ತೀನ್ರೀ. ನಿಲ್ಲಿಸಿದ ಜಾಗದಲ್ಲಿ ನಿಂತ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಪಾಲು ವಾಪಸ್ ಕೊಟ್ಟು ಬನ್ನಿ."

ದೋಣಿ ನಿಲ್ಲಿಸುವುದೇನು ಮಹಾ ವಿದ್ಯೆ ಎಂಬ ಮುಖ ಮಾಡಿ ಮಾವ ಒಪ್ಪಿದರು. ಸೊರಬದಲ್ಲಿ ಮೇಷ್ಟರಾಗಿದ್ದ ನನ್ನನ್ನು ಸಾಕ್ಷಿಗೆಂದು ಕರೆದುಕೊಂಡರು.

ನಾವು ಮೂವರೂ ಕರಾವಳಿಗೆ ಹೋದ ದಿನ ಗೆಳೆಯರಿಗೆ ಮಂಡಿನೋವು. ದಡದಲ್ಲೇ ಉಳಿದು, ಲಂಗರು ಹಾಕುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ದೊಡ್ಡ ಹಡಗುಗಳು ಬಂದರಿಗೆ ಬರುವ ದಾರಿಯಿಂದ ದೂರ ನಿಲ್ಲಬೇಕು. ನೀರಿನ ಆಳದ ಐದು ಪಟ್ಟು ಹಗ್ಗ ಬಿಡಬೇಕು. ದಡದಲ್ಲಿ ಅಲುಗಾಡದ ಎರಡು ಗುರುತು ನೋಡಿಟ್ಟುಕೊಳ್ಳಬೇಕು. ಮಾವ ಚೀಟಿಯನ್ನು ಬಹಳ ಗೌರವದಿಂದ ಮಡಿಸಿ ಜೇಬಿಗಿಟ್ಟರು. ಓದುವಷ್ಟು ಗೌರವ ಇರಲಿಲ್ಲ.

ಹಡಗಿಗೆ ಅದಿರು ತುಂಬುವ ಧಕ್ಕೆಯ ಆಚೆ, ಹಡಗಿನ ದಾರಿ ತೋರಿಸಲು ತೇಲಿಬಿಟ್ಟ ಕೆಂಪು ಹಸಿರು ಬೋಯಾಗಳನ್ನು ದಾಟಿ ನಿಂತೆವು. ಹಾಯಿ ಇಳಿಸಿದೆವು. ಈಯದ ಗುಂಡಿನ ದಾರ ಇಳಿಬಿಟ್ಟಾಗ ಎಂಟು ಮೀಟರ್ ಆಳ ಸಿಕ್ಕಿತು. ಮಾವ ಲಂಗರು ಇಳಿಸಿ, ಹತ್ತು ಮೀಟರಿಗೆ ಹಗ್ಗ ಹಿಡಿದು, ಗೂಟಕ್ಕೆ ಎತ್ತು ಕಟ್ಟುವ ಗಂಟನ್ನೇ ಬಿಗಿದರು.

"ಮಾವ, ಐದು ಪಟ್ಟು ಅಂದಿದ್ರಲ್ಲ."

"ಅವ್ನು ಯಾವತ್ತಾದ್ರೂ ಎತ್ತು ಕಟ್ಟಿದಾನೇನೋ? ಹಗ್ಗ ಉದ್ದ ಬಿಟ್ರೆ ಪಕ್ಕದವ್ರ ಪೈರಿಗೆ ಬಾಯಿ ಹಾಕುತ್ತೆ. ಗಿಡ್ಡ ಕಟ್ಟು, ಕಟ್ಟಿದಲ್ಲೇ ಇರುತ್ತೆ."

ಗುರುತಿಗೆ ಕಣ್ಣಿಗೆ ದೊಡ್ಡದಾಗಿ ಕಂಡ ಕ್ರೇನನ್ನು ಆರಿಸಿಕೊಂಡರು. ಅದರ ಹಿಂದೆ ದೀಪಸ್ತಂಭ. ಅತ್ತೆ ರೊಟ್ಟಿಯ ಗಂಟು ಬಿಚ್ಚಿ, ಎಣ್ಣೆಗಾಯಿ ಹಾಕಿಕೊಟ್ಟರು. ಎರಡನೇ ರೊಟ್ಟಿಯ ಹೊತ್ತಿಗೆ ಅವರೇ ಹೇಳಿದರು:

"ಅಲ್ರೀ, ಆ ಕ್ರೇನ್ ನಡ್ಕೊಂಡು ಹೊಂಟಿದೆ."

"ಅದಕ್ಕೆ ಹಳಿ ಇರುತ್ತೆ ಕಣೇ. ಹೋಗ್ತದೆ, ಬರ್ತದೆ."

"ದೀಪದ ಕಂಬಕ್ಕೂ ಹಳಿ ಹಾಕಿದಾರಾ?"

ಮಾವ ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಅಷ್ಟರಲ್ಲಿ ಒಂದು ಹಡಗು, ಶಿರಾಳಕೊಪ್ಪದ ಪೇಟೆ ಬೀದಿಯಷ್ಟು ಉದ್ದದ್ದು, ನಮ್ಮ ಕಡೆಗೇ ಮುಖ ಮಾಡಿ ಐದು ಸಲ ಕೂಗಿತು. ಮಾವ ಎದ್ದು ನಿಂತು ಕೈ ಬೀಸಿದರು. ಸಮುದ್ರದಲ್ಲಿ ಮರ್ಯಾದಸ್ಥರು ಜಾಸ್ತಿ ಎಂದು ಅವರ ಅಭಿಪ್ರಾಯ.

ಬಂದರಿನ ಲಾಂಚೊಂದು ಧಾವಿಸಿ ಬಂತು. ಅದರಲ್ಲಿದ್ದ ಖಾಕಿಯವರು ನಮ್ಮ ಹಗ್ಗ ನೋಡಿ ತಲೆಗೆ ಕೈ ಇಟ್ಟರು.

"ಎಂಥ ಮಾರಾಯ್ರೆ, ನೀವು ತೇಲಿಕೊಂಡು ಹಡಗಿನ ದಾರಿಗೇ ಬಂದಿದ್ದೀರಿ. ಇಷ್ಟು ಗಿಡ್ಡ ಹಗ್ಗಕ್ಕೆ ಲಂಗರು ಮೇಲಕ್ಕೆ ಕಿತ್ತು ಬರ್ತದೆ. ಉದ್ದ ಬಿಟ್ರೆ ಅಡ್ಡ ಮಲಗಿ ಕೆಸರು ಕಚ್ಚುತ್ತದೆ. ಮೊದಲು ಇಲ್ಲಿಂದ ಹೊರಡಿ."

ಮಾವ ಎಂಜಿನ್ ಬಳಿಗೆ ಇಳಿದರು. ನಾನು ಲಂಗರು ಎಳೆದುಕೊಂಡೆ. ಹ್ಯಾಂಡಲ್ ಒಂದೇ ಸುತ್ತಿಗೆ ಎಂಜಿನ್ ಹಿಡಿಯಿತು. ಆ ಒಂದು ನಿಮಿಷ ಮಾವ ಬೇರೆಯೇ ಮನುಷ್ಯ. ಎತ್ತಿನ ಮಾತಿಲ್ಲ, ಭಾಷಣವಿಲ್ಲ. ನಾವು ಪಕ್ಕಕ್ಕೆ ಸರಿದೆವು, ಹಡಗು ನಮ್ಮ ಆಕಾಶವನ್ನೆಲ್ಲ ಮುಚ್ಚಿ ದಾಟಿ ಹೋಯಿತು.

ಹಳೆಯ ಜಾಗಕ್ಕೆ ಬಂದಾಗ ಅತ್ತೆ ಮಾವನ ಜೇಬಿನಿಂದ ಚೀಟಿ ತೆಗೆದು ಓದಿಸಿ ಕೇಳಿದರು. ಓದುವ ಕೆಲಸ ನನ್ನದು. ಮಾವ ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ನಡೆಸಿದರು. ಅತ್ತೆ ಸೆರಗು ಸಿಕ್ಕಿಸಿ, ತೋಳು ಚಾಚಿ ಅಳೆಯುತ್ತಾ ಇಪ್ಪತ್ತೆರಡು ಮಾರು, ಅಂದರೆ ಸರಿಯಾಗಿ ನಲವತ್ತು ಮೀಟರ್, ಹಗ್ಗ ಬಿಟ್ಟರು. ಎರಡು ಗಂಟೆ ಕಾಲ ದೀಪಸ್ತಂಭ ಒಂದು ಗೇಣೂ ಸರಿಯಲಿಲ್ಲ.

"ನೋಡು, ಹೆಂಗೆ ನಿಂತಿದೆ," ಎಂದರು ಮಾವ, ತಾವೇ ನಿಲ್ಲಿಸಿದವರಂತೆ.

"ಚೀಟಿ ಬರೆದೋರ ಮಾತಿಗೆ ನಿಂತಿದೆ. ನಿಮ್ಮ ಮಾತಿಗೆ ಹೊಂಟೇ ಹೋಗಿತ್ತು. ಪಾಲು ಕೊಟ್ಬಿಡಿ." ಅತ್ತೆ ಉಳಿದ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿದರು. "ಎಂಜಿನ್ ಕೆಟ್ರೆ ಕರೀಲಿ. ಹೋಗಿ ಬನ್ನಿ. ಅದು ನಿಮಗೆ ಬರ್ತದೆ."

ಸಂಜೆಯೇ ಪಾಲು ಮರಳಿತು. ಗೆಳೆಯರು ಬೇಸರ ತೋರಿಸಲು ಬಹಳ ಕಷ್ಟಪಟ್ಟರು. ಅಲ್ಲಿಂದ ಮುಂದೆ ಆ ಎಂಜಿನ್ ತಿಂಗಳಿಗೊಮ್ಮೆ ತಪ್ಪದೆ ಕೆಡತೊಡಗಿತು. ಮಾವ ಸ್ಪ್ಯಾನರ್ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು, ಮೂರು ದಿನಕ್ಕೆ ಮೂಗು ಸುಟ್ಟುಕೊಂಡು ಬರುತ್ತಿದ್ದರು. ಎಂಜಿನ್ ರಿಪೇರಿಯಲ್ಲಿ ಮೂಗಿಗೆ ಅಷ್ಟೊಂದು ಬಿಸಿಲು ಬಿದ್ದದ್ದು ಹೇಗೆಂದು ಅತ್ತೆ ಯಾವತ್ತೂ ಕೇಳಲಿಲ್ಲ. ದಾರಿಗೆ ರೊಟ್ಟಿ ಮಾತ್ರ ಕಟ್ಟಿಕೊಡುತ್ತಿದ್ದರು, ಇಬ್ಬರಿಗಾಗುವಷ್ಟು.