ಕೆಬೊನೆ ಸಾರಿಸಿದ ಅಂಗಳ

ಮೊಚುಡಿಯ ನಮ್ಮ ಕೇರಿಯಲ್ಲಿ ಒಟ್ಸಿಲೆಯ ಮನೆ ಯಾವುದೆಂದು ಕೇಳಿದರೆ ಯಾರೂ ಮನೆಯ ಗುರುತು ಹೇಳುವುದಿಲ್ಲ, ಅಂಗಳದ ಗುರುತು ಹೇಳುತ್ತಾರೆ. ಆ ಅಂಗಳದಲ್ಲಿ ಒಟ್ಸಿಲೆಯದು ಅನ್ನುವಂಥದ್ದು ಚರ್ಮದ ಪಟ್ಟಿ ಹೆಣೆದ ಅವನ ಕುರ್ಚಿಯೊಂದೇ. ಉಳಿದದ್ದೆಲ್ಲ ಅವನೊಡನೆ ಸಂಸಾರ ಮಾಡುವ ಕೆಬೊನೆಯ ಕೈಯದು. ಹೊಟ್ಟೆಯಲ್ಲಿ ಮಗಳು ಸೆತುನ್ಯಾಳನ್ನು ಹೊತ್ತುಕೊಂಡು ಅವಳು ಬಂದಾಗ ಇಲ್ಲಿ ಇದ್ದದ್ದೇನು? ಒಂದು ಸೋರುವ ಗುಡಿಸಲು, ಸುತ್ತ ಮುಳ್ಳುಬೇಲಿ, ನಡುವೆ ಮೇಕೆಯ ಹಿಕ್ಕೆ. ನಾನು ಪಕ್ಕದ ಮನೆಯವಳು, ಎಲ್ಲವನ್ನೂ ಕಣ್ಣಾರೆ ಕಂಡವಳು. ನನಗೆ ಯಾರೂ ಕಥೆ ಕಟ್ಟಿ ಹೇಳಬೇಕಾಗಿಲ್ಲ.

ಹುತ್ತದ ಮಣ್ಣನ್ನು ತಲೆಯ ಮೇಲೆ ಹೊತ್ತು ತಂದು ಅವಳು ಸೊಂಟದೆತ್ತರದ ಗೋಡೆ ಎಬ್ಬಿಸಿದಳು. ಗೋಡೆಯ ಒಳಮೈಗೆ ಅಂಟಿಸಿ ಕಟ್ಟೆ ಮಾಡಿದಳು, ಕೊಡ ಇಡಲು ಗುಂಡನೆಯ ಗೂಡುಗಳನ್ನು ಕೊರೆದಳು, ಒಲೆಯ ಹತ್ತಿರ ಗಾಳಿ ತಡೆಯಲು ಒಂದು ಅಡ್ಡಗೋಡೆ ಹಾಕಿದಳು. ಸುಗ್ಗಿ ಮುಗಿದೊಡನೆ ಸಗಣಿಗೆ ಕೆಮ್ಮಣ್ಣು ಕಲಸಿ ನೆಲ ಸಾರಿಸುವಳು. ಮಂಡಿಯೂರಿ ಹಿಂದೆ ಹಿಂದೆ ಸರಿಯುತ್ತ ನಾಲ್ಕು ಬೆರಳುಗಳಲ್ಲಿ ಗೆರೆ ಎಳೆದರೆ ಅಂಗಳದ ತುಂಬ ಅಲೆಗಳು ಏಳುತ್ತಿದ್ದವು. ಗೋಡೆಯ ತಲೆಗೆ ಬಿಳಿ ಮಣ್ಣು, ಬುಡಕ್ಕೆ ಬೂದಿ ಬಣ್ಣದ ಮುಕ್ಕೋನಗಳು.

“ಏ ಮಾ-ಕಬೊ, ನಿನ್ನ ಕೋಳಿ ಕರ್ಕೊಳ್ಳೇ! ನೆಲ ಇನ್ನೂ ಹಸಿ ಇದೆ. ಕಾಲಿಟ್ರೆ ಸಾರು ಮಾಡ್ತೀನಿ ನೋಡು,” ಎಂದು ಅವಳು ಕೂಗುತ್ತಿದ್ದಳು.

“ಮಾಡು ಮಾರಾಯ್ತಿ, ನನಗೂ ಒಂದು ಬಟ್ಟಲು ಕಳ್ಸು,” ಅನ್ನುತ್ತಿದ್ದೆ ನಾನು.

ಮದುವೆಯ ಮನೆಗಳವರು ಅವಳನ್ನು ಕರೆದುಕೊಂಡು ಹೋಗಿ ಅಂಗಳ ಸಾರಿಸಿಕೊಳ್ಳುತ್ತಿದ್ದರು. ಆದರೆ ಹೆಣ್ಣು ಕೇಳುವ ದಿನ ಅದೇ ಅಂಗಳದಲ್ಲಿ ಕೂರುವ ಹಕ್ಕು ಅವಳಿಗಿರಲಿಲ್ಲ. ಆ ಮಾತುಕತೆಗೆ ಕೂರುವವರು ಶಾಲು ಹೊದ್ದ ಹೆಂಡಿರು ಮಾತ್ರ, ಅಂದರೆ ಗಂಡ ತವರಿಗೆ ಹೆಣ್ಣಿನ ತೆರವಾಗಿ ದನ ಹೊಡೆದುಕೊಟ್ಟು ತಂದ ಹೆಂಗಸರು. ಒಟ್ಸಿಲೆ ಕೆಬೊನೆಯ ಅಣ್ಣನಿಗೆ ಒಂದು ಬಾಲವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಪ್ರತಿ ಮದುವೆಯಲ್ಲೂ ಅವಳಿಗೆ ಹಿತ್ತಲೇ ಗತಿ. ಮೂರು ಕಾಲಿನ ಹಂಡೆಗಳ ಹೊಗೆಯಲ್ಲಿ ನಿನ್ನೆ ಮೊನ್ನೆ ಮೈನೆರೆದ ಹುಡುಗಿಯರ ಜೊತೆ ನಿಂತು ಗಂಜಿ ತಿರುವುತ್ತಿದ್ದಳು. ಥೂ, ನಮ್ಮ ಪದ್ಧತಿಯೇ!

ಕೇಳಿದರೆ ಒಟ್ಸಿಲೆಯ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. “ದನ ಬಡಕಲಾಗಿವೆ ಕಣೇ, ಮಳೆ ಬರಲಿ,” ಅನ್ನುವನು. ಮಳೆ ಬಂದರೆ, “ಈಗ ಗಬ್ಬವಾಗಿವೆ, ಹೊಡ್ಕೊಂಡು ಬಂದ್ರೆ ಪಾಪ ಬರುತ್ತೆ.” ಕುರ್ಚಿಯಿಂದ ಏಳದೆ ಇಷ್ಟು ಹೇಳಿ ಜೋಳದ ಬೀರಿಗೆ ಕೈ ಚಾಚುತ್ತಿದ್ದ. ಸೋಮಾರಿ ಮುಂಡೇದು!

ಅಷ್ಟರಲ್ಲಿ ಸೆತುನ್ಯಾಳಿಗೆ ಸಂಬಂಧ ಬಂತು. ಹುಡುಗ ದೂರದ ಮಾವುನ್‌ನವನು, ಅವನ ಸೋದರಮಾವಂದಿರು ಹೆಣ್ಣು ಕೇಳಲು ಬರುತ್ತೇವೆಂದು ಹೇಳಿ ಕಳಿಸಿದರು. ಕೇರಿಯೆಲ್ಲ ಒಟ್ಸಿಲೆಯ ಮುಖ ನೋಡಿತು. ತಾಯಿಯ ತೆರ ಸಲ್ಲಿಸದೆ ಮಗಳ ತೆರಕ್ಕೆ ತಂದೆ ಕೈ ಹಾಕುವಂತಿಲ್ಲ. ಮಗಳ ದನ ಬೇಕಿದ್ದರೆ ಅವನು ಮೊದಲು ಕೆಬೊನೆಯ ದನ ಕೊಡಲೇಬೇಕು. “ಆಯ್ತು, ಕೊಡ್ತೀನಿ. ದನದ ದೊಡ್ಡಿಗೆ ಹೇಳಿ ಕಳ್ಸಿದೀನಿ,” ಅಂದ ಅವನು.

ಕೆಬೊನೆಯ ಸಂಭ್ರಮ ನೋಡಬೇಕಿತ್ತು! ತಾನು ಸಾರಿಸಿದ ಅಂಗಳದಲ್ಲಿ, ತನ್ನ ಮಗಳನ್ನು ಕೇಳುವ ಹೊತ್ತಿಗೆ ಶಾಲು ಹೊದ್ದು ಕೂರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಲ್ಲ. ಹಳೆಯ ಸಾರಣೆಯನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಬಳಿದಳು. ಕಟ್ಟೆಯ ಅಂಚನ್ನು ಕಲ್ಲಿನಿಂದ ಉಜ್ಜಿ ಕೆನ್ನೆಯ ಹಾಗೆ ನುಣುಪು ಮಾಡಿದಳು. ಹೆಣ್ಣಿನ ತಾಯಿಯ ಚಾಪೆ ಹಾಸುವ ಜಾಗದಲ್ಲಿ ಎಲ್ಲಕ್ಕಿಂತ ಚೆಂದದ ಗೆರೆಗಳನ್ನು ಎಳೆದಳು.

“ಚಾಪೆ ಹಾಸಿದ್ಮೇಲೆ ಅದು ಯಾರಿಗೆ ಕಾಣುತ್ತೇ, ಹುಚ್ಚಿ?” ಅಂದೆ.

“ಕಾಣೋದ್ ಬೇಡ. ಅದರ ಮೇಲೆ ಕೂತಿದೀನಿ ಅಂತ ನನಗ್ ಗೊತ್ತಿದ್ರೆ ಸಾಕು.”

ಮುನ್ನಾದಿನ ಸಂಜೆ ದನ ಬಂದವು. ಧೂಳೆಬ್ಬಿಸಿಕೊಂಡು ಕೊಟ್ಟಿಗೆಗೆ ನುಗ್ಗಿದವು. ಅವುಗಳನ್ನು ಕಂಡದ್ದೇ ಕೆಬೊನೆ ನಾಲಿಗೆ ಹೊರಳಿಸಿ ಸಂತೋಷದ ಉಲಿಗೂಗು ಹಾಕಿದಳು, ಇಡೀ ಕೇರಿಗೆ ಕೇಳುವಂತೆ! ಒಳಗೆ ಓಡಿ ಪೆಟ್ಟಿಗೆಯಿಂದ ಹೊಸ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅಣ್ಣನ ಕೈಗೆ ದನ ಸೇರುವ ಮೊದಲು ಶಾಲು ಹೊದೆಯಬಾರದು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟು ವರ್ಷ ಕಾದವಳಿಗೆ ಒಂದು ರಾತ್ರಿ ಕಾಯಲಾಗಲಿಲ್ಲ.

ಒಟ್ಸಿಲೆಯ ಅಕ್ಕ ಮಾ-ಟಿರೊ ಅಂಗಳದ ನಡುವೆ ನಿಂತಿದ್ದಳು. ಅವಳ ನಾಲಿಗೆಗೆ ಹೆದರಿ ನಾಯಿಗಳೂ ಬೇರೆ ದಾರಿ ಹಿಡಿಯುತ್ತವೆ.

“ಇದೇನೇ ವೇಷ?” ಅಂದಳು.

“ದನ ಬಂದ್ವಲ್ಲ ಅಕ್ಕಾ.”

“ಬಂದ್ವು. ನನ್ನ ಮಗ ಟಿರೊನ ಮದುವೆಗೆ ಬಂದ್ವು. ಅವನ ಸೋದರಮಾವ ಕೊಡ್ತಿರೋದು. ನಿನ್ನಂಥ ಮುದಿ ಹಸುಗೆ ಯಾರು ಹೊಸ ದನ ಕೊಡ್ತಾರೆ? ಹಾಲು ಕರೆದು ಮುಗಿದಿದೆಯಲ್ಲ!” ಎಂದು ನಕ್ಕು, ಕೈ ಚಾಚಿ ಆ ಶಾಲನ್ನು ಕೆಬೊನೆಯ ಹೆಗಲಿಂದ ಎಳೆದುಕೊಂಡಳು. ಕೊಡವಿ, ನಾಲ್ಕು ಮಡಿಕೆ ಮಾಡಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

ಒಟ್ಸಿಲೆ ಕುರ್ಚಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಕೆಬೊನೆ ಮಾತುಕತೆಗೆಂದು ಬಂದಿದ್ದ ತನ್ನ ಅಣ್ಣ ಮೊಡಿಸಾನ ಕಡೆ ತಿರುಗಿದಳು. “ಅಣ್ಣಾ, ನೀನಾದ್ರೂ ಹೇಳು. ನನ್ನ ತೆರ ಬರದೆ ಇವನು ಹೆಣ್ಣು ಕೊಡೋ ಹಾಗಿಲ್ಲ ಅಂತ ಹೇಳು,” ಅಂದಳು.

ಮೊಡಿಸಾ ಟೋಪಿಯನ್ನು ತಿರುವುತ್ತ, “ನಾವು ಗಂಡಸರು ಮಾತಾಡ್ಕೊಂಡಿದೀವಮ್ಮಾ. ಸೆತುನ್ಯಾಳ ದನದಲ್ಲಿ ಅರ್ಧ ನನ್ನ ಕೊಟ್ಟಿಗೆಗೆ ಬರುತ್ತೆ. ಅಲ್ಲಿಗೆ ಎಲ್ಲಾ ಸರಿಹೋಯ್ತಲ್ಲ,” ಅಂದ. ಒಡಹುಟ್ಟಿದವನು! ಅವನ ಹೊಟ್ಟೆಗೆ ಬೆಂಕಿ ಬೀಳಲಿ.

ಕೊನೆಗೆ ಅವಳು ಮಗಳನ್ನು ನೋಡಿದಳು. ಸೆತುನ್ಯಾ ಬಾಗಿಲಲ್ಲಿ ನಿಂತು ಜಡೆ ಹೆಣೆದುಕೊಳ್ಳುತ್ತಿದ್ದಳು. “ನಿನ್ನ ಚಾಪೆ ಮೇಲೆ ಅತ್ತೆನೇ ಕೂತ್ಕೊಳ್ಳಲಿ ಅವ್ವಾ. ಅವರು ದೊಡ್ಡ ಮನೆಯವರು. ತಾಯಿಗೆ ಮದುವೇನೇ ಆಗಿಲ್ಲ ಅಂತ ಗೊತ್ತಾದ್ರೆ ಏನಂದ್ಕೊಳ್ತಾರೆ? ಒಂದು ದಿನ ತಾನೇ,” ಅಂದಳು. ಕೆಬೊನೆ ಕೊಟ್ಟಿಗೆಯ ಪಕ್ಕದಲ್ಲಿದ್ದ ಸೌದೆಯನ್ನು ಹಿತ್ತಲಿಗೆ ಹೊರಲು ಶುರುಮಾಡಿದಳು.

ಬೆಳಗಿನ ಜಾವ ಮಾವುನ್‌ನವರು ಬಂದು ಗೋಡೆಯಾಚೆ ಕುಕ್ಕರುಗಾಲಲ್ಲಿ ಕೂತು, ಹೆಣ್ಣು ಕೇಳುವ ವಾಡಿಕೆಯ ಮಾತಿನಂತೆ, ನೀರು ತುಂಬುವ ಸೋರೆಬುರುಡೆಯೊಂದನ್ನು ಕೇಳಲು ಬಂದಿದ್ದೇವೆ ಎಂದರು. ಗಂಡಸರು ಅವರನ್ನು ಒಂದಷ್ಟು ಸತಾಯಿಸಿ ಒಳಗೆ ಬಿಟ್ಟರು. ಶಾಲು ಹೊದ್ದ ನಾವು ಹೆಂಗಸರು ಕಾಲು ನೀಡಿ ಸಾಲಾಗಿ ಕೂತಿದ್ದೆವು. ಹೆಣ್ಣಿನ ತಾಯಿಯ ಚಾಪೆಯ ಮೇಲೆ ಮಾ-ಟಿರೊ ಉಬ್ಬಿಕೊಂಡು ಕೂತಿದ್ದಳು. ಹೆಗಲ ಮೇಲಿದ್ದದ್ದು ಕೆಬೊನೆಯ ಹೊಸ ಶಾಲು, ಮಡಿಕೆಯ ಗುರುತೂ ಹೋಗಿರಲಿಲ್ಲ. ನಾಚಿಕೆಗೆಟ್ಟವಳು, ಅವಳಿಗೆ ಸ್ವಂತದ್ದು ಇರಲಿಲ್ಲವೇ?

ಬಂದವರಲ್ಲಿ ಹಿರಿಯ ಹೆಂಗಸೊಬ್ಬಳು ಗೋಡೆಯನ್ನು ಸವರಿದಳು, ನೆಲದ ಅಲೆಗಳ ಮೇಲೆ ಬೆರಳಾಡಿಸಿದಳು. “ಅಬ್ಬಬ್ಬಾ! ಇಂಥ ಅಂಗಳ ನಾನು ಕಂಡಿಲ್ಲ. ತಾಯಿ ಹೀಗಿದ್ರೆ ಮಗಳು ಹೇಗಿರ್ತಾಳೋ. ನಿಮ್ಮ ಕೈಯಾ ತಾಯಿ ಇದು?” ಎಂದು ಮಾ-ಟಿರೊಳನ್ನು ಕೇಳಿದಳು.

“ಅಯ್ಯೋ, ನಾನೆಲ್ಲಿ ಸಗಣಿಗೆ ಕೈ ಹಾಕ್ಲಿ! ಕೆಲಸಕ್ಕೆ ಒಬ್ಬಳು ಇದಾಳೆ, ಅವಳು ಬಳೀತಾಳೆ. ಬುದ್ಧಿ ಇಲ್ಲ, ಕೈ ಮಾತ್ರ ಪರವಾಗಿಲ್ಲ,” ಅಂದಳು ಅವಳು.

ನನ್ನ ಮೈ ಉರಿದುಹೋಯಿತು. “ಕೆಲಸದವಳಾ?” ಎಂದು ಜೋರಾಗಿಯೇ ಅಂದೆ. ಮೊಡಿಸಾ ಕೆಮ್ಮಿ, “ಹೆಂಗಸರು ಸ್ವಲ್ಪ ಬಾಯಿ ಬಿಗಿ ಹಿಡೀರಿ,” ಎಂದ. ನಾನು ಎದ್ದೆ. ಎಲ್ಲರೂ ನೋಡುತ್ತಿದ್ದಂತೆಯೇ ನನ್ನ ಹೆಗಲ ಶಾಲು ಕಿತ್ತು ಮಡಿಚಿ, ದಾಪುಗಾಲು ಹಾಕಿ ಹಿತ್ತಲಿಗೆ ಹೋದೆ.

ಹಿತ್ತಲಿಗೂ ಅಂಗಳಕ್ಕೂ ನಡುವೆ ಇರುವುದು ಆಳೆತ್ತರದ ಒಂದು ಮಣ್ಣಿನ ಗೋಡೆ. ಆಚೆಯ ಪ್ರತಿಯೊಂದು ಮಾತೂ ಈಚೆಗೆ ಕೇಳುತ್ತದೆ. ಕೆಬೊನೆ ಹಂಡೆಯಲ್ಲಿ ಬೆಂದ ದನದ ಮಾಂಸವನ್ನು ಒನಕೆಯಿಂದ ಕುಟ್ಟುತ್ತಿದ್ದಳು. ನನ್ನನ್ನು ಕಂಡು, “ನೀನ್ಯಾಕೆ ಬಂದೆ? ಹೋಗು, ಅಲ್ಲಿ ಮಗಳ ಕಡೆಯವರು ಅಂತ ಒಬ್ಬರಾದ್ರೂ ಇರ್ಲಿ,” ಅಂದಳು. ನಾನು ಹೋಗಲಿಲ್ಲ.

ಆಚೆ ಸೆತುನ್ಯಾಳನ್ನು ಕಂಬಳಿ ಹೊದಿಸಿ ತಂದು ಕೂರಿಸಿದ ಸದ್ದು ಕೇಳಿತು. ಹುಡುಗನ ಸೋದರಮಾವ ಕೇಳಿದ: “ಮಗಳೇ, ನಾವು ದೂರದವರು. ಮುಂದೆ ಸುಖ ದುಃಖ ಅಂತ ಬಂದ್ರೆ ಯಾರ ಹತ್ತಿರ ಬರಬೇಕು? ನಿನ್ನ ಹೆತ್ತ ತಾಯಿ ಯಾರು, ನೀನೇ ತೋರಿಸು.”

ಕೆಬೊನೆಯ ಒನಕೆ ನಿಂತಿತು. ಹೇಳೇ ಹುಡುಗಿ, ಹೇಳೇ, ಎಂದು ನಾನು ಮನಸ್ಸಿನಲ್ಲೇ ಅವಳ ಕಾಲಿಗೆ ಬಿದ್ದೆ.

“ಇಲ್ಲಿ ಕೂತಿದಾರಲ್ಲ, ಇವರೇ,” ಅಂದಳು ಸೆತುನ್ಯಾ. ಅಂಗಳದ ಹೆಂಗಸರೆಲ್ಲ ಒಟ್ಟಿಗೇ ಉಲಿಗೂಗು ಹಾಕಿದರು.

ಕೆಬೊನೆ ಮತ್ತೆ ಕುಟ್ಟಲು ಹಿಡಿದಳು. ಎಲುಬು ತೆಗೆದಳು, ಉಪ್ಪು ನೋಡಿದಳು, ಬಟ್ಟಲುಗಳಿಗೆ ಬಡಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗಾದರೂ ಒಂದಿಷ್ಟು ಸಮಾಧಾನವಾಗುತ್ತಿತ್ತು.

ನೆಂಟರು ಊಟಕ್ಕೆ ಕೂತ ಮೇಲೆ ಸೆತುನ್ಯಾ ಹಿತ್ತಲಿಗೆ ಬಂದಳು. ಕಣ್ಣು ಕೆಂಪಗಾಗಿತ್ತು, ಕಂಬಳಿ ಜಾರುತ್ತಿತ್ತು. “ಅವ್ವಾ,” ಅಂದಳು. “ಅವ್ವಾ, ಬೈಯೋದಾದ್ರೂ ಬೈಯಿ. ನನ್ನ ಮುಖ ನೋಡವ್ವಾ.”

ಕೆಬೊನೆ ಮುಖ ನೋಡಿದಳು. ಹೊಸಬರನ್ನು ನೋಡುವ ಹಾಗೆ, ಗೌರವದಿಂದಲೇ ನೋಡಿದಳು. ಎರಡು ಕೈಯಲ್ಲೂ ಬಟ್ಟಲು ಹಿಡಿದು ಮಂಡಿ ಬಗ್ಗಿಸಿ ಅವಳ ಮುಂದೆ ಚಾಚಿದಳು.

“ಇದನ್ನ ತಗೊಂಡ್ಹೋಗಿ ನಿಮ್ಮ ತಾಯಿಗೆ ಕೊಡಿ,” ಅಂದಳು. “ಆಗಿನಿಂದ ಕಾಯ್ತಿದಾರೆ.”

ಸೆತುನ್ಯಾ ಅಳುತ್ತ ನಿಂತಳು. ಕೆಬೊನೆ ಬಟ್ಟಲನ್ನು ಕೆಳಗಿಳಿಸಲಿಲ್ಲ. ಕೊನೆಗೆ ಹುಡುಗಿ ಅದನ್ನು ತೆಗೆದುಕೊಂಡು ಅಂಗಳಕ್ಕೆ ಹೋದಳು.