ಕಡಲಿನ ಮೇಲಿನ ತೆಳು ನೀರು

ಪಿಎಚ್.ಡಿ. ಮುಗಿಯುವ ಮೊದಲೇ ಫೆಲೋಶಿಪ್ ಮುಗಿಯಿತು. ನಾನು ಗುರುವಾಯನಕೆರೆಗೆ ವಾಪಸು ಬಂದೆ. ಜಂಕ್ಷನ್ನಿನಲ್ಲಿ ಅಪ್ಪನ ಹೋಟೆಲು, ಅದರ ಮೇಲೊಂದು ಕೋಣೆ. ಅಲ್ಲಿದ್ದ ಅಕ್ಕಿ ಮೂಟೆಗಳನ್ನೂ ಎಣ್ಣೆ ಡಬ್ಬಗಳನ್ನೂ ಒಂದು ಗೋಡೆಗೆ ಸರಿಸಿ, ಅಪ್ಪ ಕಿಟಕಿಯ ಪಕ್ಕ ಮೇಜು ಹಾಕಿಕೊಟ್ಟರು.

"ಇಲ್ಲೇ ಕೂತು ಬರಿ ಮಗಾ. ಕೆಳಗಿನ ಗಲಾಟೆ ನಾಲ್ಕು ದಿನದಲ್ಲಿ ಅಭ್ಯಾಸ ಆಗ್ತದೆ."

ಗಲಾಟೆ ಅಭ್ಯಾಸವಾಯಿತು. ಮೂಡಬಿದ್ರೆ ಬಸ್ಸಿನ ಕಂಡಕ್ಟರನ ಕೂಗು, ಗೋಳಿಬಜೆಯ ವಾಸನೆ, ಹಿಟ್ಟು ರುಬ್ಬುವ ಗ್ರೈಂಡರಿನ ಸದ್ದು ಎಲ್ಲವೂ. ಅಭ್ಯಾಸವಾಗದೆ ಉಳಿದದ್ದು ಬೇರೆ. ಆ ಮೇಜಿನ ಮುಂದೆ ನಾನು ದಿನವಿಡೀ ಏನು ಮಾಡುತ್ತಿದ್ದೇನೆಂದು ಕೇಳಲು, ಹೇಳಿದರೆ ತಿಳಿಯಲು, ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

ನನ್ನ ವಿಷಯ ಕಡಲಿನ ಭೌತಶಾಸ್ತ್ರ. ಅದರಲ್ಲೂ ನಮ್ಮದೇ ಕರಾವಳಿಯ ಎದುರಿನ ಕಡಲು. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕೆಯನ್ನು ಸುತ್ತಿ ನಮ್ಮ ಕಡೆಗೆ ಹರಿದು ಬರುತ್ತದೆ. ಹಗುರ ನೀರಾದ್ದರಿಂದ ಅದು ಅರಬ್ಬಿ ಸಮುದ್ರದ ಉಪ್ಪು ನೀರಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಗಾಳಿ ಎರಡನ್ನೂ ಸುಲಭವಾಗಿ ಕಲಕಲಾರದು. ಬಿಸಿಲಿನ ಶಾಖ ಕೆಳಗಿಳಿಯದೆ ಮೇಲಿನ ಪದರದಲ್ಲೇ ಉಳಿದು, ಮಳೆಗಾಲಕ್ಕೆ ಮುಂಚೆ ಆ ನೀರು ಕಾದು ಕೂತಿರುತ್ತದೆ. ಇದನ್ನು ಕಂಪ್ಯೂಟರಿನೊಳಗೆ ಮತ್ತೆ ಸೃಷ್ಟಿಸಿ ತೋರಿಸುವುದು ನನ್ನ ಕೆಲಸ. ನಾನು ಓದುತ್ತಿದ್ದ ಸಂಶೋಧನಾ ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಹೋಟೆಲಿನ ಕೋಣೆಯಿಂದಲೇ ಲಾಗಿನ್ ಆಗುತ್ತಿದ್ದೆ. ನನ್ನ ಮಾದರಿಯಲ್ಲಿ ಆ ತೆಳು ಪದರ ಡಿಸೆಂಬರಿನಲ್ಲಿ ಚೆನ್ನಾಗಿಯೇ ಬಂದು ಸೇರುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಕರಗಿ ಮಾಯವಾಗುತ್ತಿತ್ತು. ನಿಜವಾದ ಕಡಲಿನಲ್ಲಿ ಅದು ಹಾಗೆ ಹೋಗುವುದಿಲ್ಲ. ಏಕೆ ಹೋಗುತ್ತಿದೆಯೆಂದು ತಿಳಿಯದೆ ತಿಂಗಳುಗಳು ಕಳೆದವು. ಮಾರ್ಗದರ್ಶಕರು ಆ ವರ್ಷ ಹೊರದೇಶದಲ್ಲಿದ್ದರು. ಆನ್‌ಲೈನ್‌ನಲ್ಲಿ ಸಿಕ್ಕಾಗ, "ಗಾಳಿಯ ದತ್ತಾಂಶ ಮತ್ತೊಮ್ಮೆ ನೋಡು," ಎನ್ನುತ್ತಿದ್ದರು. ನಾನು ಅದನ್ನು ನೋಡಿ ಮುಗಿಸಿ ಎಷ್ಟೋ ಕಾಲವಾಗಿತ್ತು.

ಅಪ್ಪನಿಗೆ ನನ್ನ ಬಗ್ಗೆ ಹೆಮ್ಮೆಯಿತ್ತು. ಗಿರಾಕಿಗಳಿಗೆಲ್ಲ "ಮಗಳು ಮಳೆಯ ಬಗ್ಗೆ ಓದುವುದು" ಎಂದು ಹೇಳಿಬಿಟ್ಟಿದ್ದರು. ಒಂದು ಸಂಜೆ ನಾನು ಚಹಾಕ್ಕೆ ಕೆಳಗಿಳಿದಾಗ, ಬಂಟ್ವಾಳದಲ್ಲಿ ಮಗಳ ಮದುವೆ ನಿಶ್ಚಯಿಸಿದ್ದ ಪರಿಚಯದವರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು.

"ಮೇ ಕೊನೆಗೆ ಇಟ್ಕೊಂಡಿದ್ದೇವೆ. ಊಟಕ್ಕೆ ಹೊರಗೆ ಶಾಮಿಯಾನ. ಮಳೆ ಬರ್ತದಾ ಇಲ್ವಾ, ಒಂದು ಹೇಳಿ ಮೇಡಂ."

"ನನಗೆ ಅದು ಹೇಳ್ಲಿಕ್ಕೆ ಆಗುದಿಲ್ಲ. ನಾನು ನೋಡುವುದು ಕಡಲಿನ ನೀರನ್ನು, ಅದೂ ಹಳೆಯ ವರ್ಷಗಳದ್ದು."

"ಹಳೆ ಮಳೆ ಎಲ್ಲರಿಗೂ ಗೊತ್ತುಂಟಲ್ಲ!"

ಕೂತಿದ್ದವರೆಲ್ಲ ನಕ್ಕರು. ಯಾರ ನಗೆಯಲ್ಲೂ ಕೆಟ್ಟತನವಿರಲಿಲ್ಲ. ಅಪ್ಪ ಮಾತ್ರ ನಗದೆ ಕ್ಯಾಶಿನ ಡ್ರಾಯರನ್ನು ಸುಮ್ಮನೆ ತೆರೆದು ಮುಚ್ಚಿದರು. ಆಮೇಲೆ ಹೋಟೆಲು ತುಂಬಿರುವಾಗ ನಾನು ಕೆಳಗಿಳಿಯುವುದನ್ನು ಬಿಟ್ಟೆ. ಅಪ್ಪ ಚಹಾವನ್ನು ತಾವೇ ಮೇಲೆ ತಂದಿಟ್ಟು, ಪರದೆಯ ಮೇಲಿನ ಬಣ್ಣಗಳನ್ನು ಒಂದು ಗಳಿಗೆ ನೋಡಿ, ಏನೂ ಕೇಳದೆ ಇಳಿದು ಹೋಗುತ್ತಿದ್ದರು. ಅಮ್ಮ ನಾನು ಕಾಲೇಜಿಗೆ ಸೇರಿದ ವರ್ಷವೇ ತೀರಿಕೊಂಡಿದ್ದರು. ಇಬ್ಬರೇ ಇರುವ ಮನೆಯಲ್ಲಿ ನಮಗೆ ಮಾತು ಮೊದಲಿನಿಂದಲೂ ಕಡಿಮೆಯೇ.

ಆಗೆಲ್ಲ ನನಗೆ ನೆನಪಾಗುತ್ತಿದ್ದವಳು ನರಿಕೊಂಬಿನ ಗೆಳತಿ. ಸಂಸ್ಥೆಗೆ ಸೇರಿದ ಮೊದಲ ವಾರ, ಊಟದ ಸಾಲಿನಲ್ಲಿ ನನ್ನ ಹಿಂದೆ ಯಾರೋ ಫೋನಿನಲ್ಲಿ ತುಳುವಿನಲ್ಲಿ ಬೈಯುವುದು ಕೇಳಿ ತಿರುಗಿದ್ದೆ. ಅವಳೇ. ಅಷ್ಟು ದೂರದ ಊರಿನಲ್ಲಿ ನಮ್ಮ ಪಕ್ಕದ ತಾಲೂಕಿನವಳು. ಎರಡು ವರ್ಷ ಒಂದೇ ಲ್ಯಾಬಿನಲ್ಲಿ, ಒಂದೇ ಗೋಡೆಗೆ ಮುಖಮಾಡಿ ಕೂತೆವು. ಸುಳಿ, ಅಲೆ, ಒತ್ತಡಗಳ ಬಗ್ಗೆ ತುಳುವಿನಲ್ಲಿ ವಾದ ಮಾಡುತ್ತಿದ್ದೆವು. ಎರಡು ಬಗೆಯ ನೀರು ಬೆರೆಯುವ ಲೆಕ್ಕದಲ್ಲಿ ಅವಳ ಕೈ ನನಗಿಂತ ಚುರುಕು. ಎರಡನೆಯ ವರ್ಷದ ಕೊನೆಗೆ ಅವಳು ಓದು ಬಿಟ್ಟು, ಅಣ್ಣನಿದ್ದ ಗಲ್ಫಿಗೆ ಹೋಗಿ ಶಾಲೆಯೊಂದರಲ್ಲಿ ಟೀಚರಾದಳು. ಮನೆಯಲ್ಲಿ ಕಷ್ಟ ಎಂದಷ್ಟೇ ಹೇಳಿದ್ದಳು. ನಾನೂ ಅದನ್ನೇ ನಂಬಿದ್ದೆ.

ಅವಳು ರಜೆಗೆ ಬಂದಿದ್ದಾಳೆಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಬಿ.ಸಿ. ರೋಡಿನವರೆಗೂ ಮನಸ್ಸಿನಲ್ಲಿ ಅವಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸುತ್ತಲೇ ಹೋದೆ.

ಅವಳು ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಸ್ವಲ್ಪ ದಪ್ಪವಾಗಿದ್ದಳು, ಕೂದಲು ಕತ್ತರಿಸಿದ್ದಳು. ಊಟ ಮುಗಿದ ಮೇಲೆ ಇಬ್ಬರೂ ನದಿಯ ದಂಡೆಗೆ ಹೋಗಿ ಮರದ ನೆರಳಿನಲ್ಲಿ ಕೂತೆವು. ಬೇಸಿಗೆಯ ನೇತ್ರಾವತಿ ಬಂಡೆಗಳ ನಡುವೆ ನಿಧಾನವಾಗಿ ಹರಿಯುತ್ತಿತ್ತು. ನಾನು ಲ್ಯಾಪ್‌ಟಾಪು ತೆರೆದು ನಕ್ಷೆ ತೋರಿಸುತ್ತ ಹೇಳತೊಡಗಿದೆ. ಪದರ ಹೇಗೆ ಬರುತ್ತದೆ, ಎಲ್ಲಿ ಕರಗುತ್ತದೆ, ಗಾಳಿ ಬದಲಿಸಿ ನೋಡಿದ್ದು, ಬೆರಕೆಯ ಪ್ರಮಾಣ ಇಳಿಸಿ ನೋಡಿದ್ದು. ಎಷ್ಟು ಹೊತ್ತು ಮಾತಾಡಿದೆನೋ. ಅವಳು ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಗೊತ್ತಾದಾಗ ನಿಲ್ಲಿಸಿದೆ.

"ನನಗೆ ಅದೆಲ್ಲ ಮರ್ತು ಹೋಗಿದೆ ಮಾರಾಯ್ತಿ."

"ನಿನಗಾ? ಬೆರಕೆಯ ಲೆಕ್ಕ ನನಗೆ ಹೇಳಿಕೊಟ್ಟದ್ದೇ ನೀನು."

"ಹೇಳಿಕೊಟ್ಟಿದ್ದೆ. ಈಗ ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡ್ತೇನೆ." ಆಮೇಲೆ ಕೇಳಿದಳು, "ನಾನು ಯಾಕೆ ಬಿಟ್ಟದ್ದು ಅಂತ ಗೊತ್ತುಂಟಾ ನಿನಗೆ?"

"ಮನೆಯಲ್ಲಿ ಕಷ್ಟ ಅಂತ ಹೇಳಿದ್ದಿ."

"ಕಷ್ಟ ಎಂತ ಇರ್ಲಿಲ್ಲ. ನನಗೆ ಅಲ್ಲಿ ಒಬ್ಬಳೇ ಅನಿಸ್ತಿತ್ತು."

"ನಾನು ಇದ್ದೆನಲ್ಲ ಪಕ್ಕದಲ್ಲಿ!"

"ನೀನು ಇದ್ದಿ. ಆದ್ರೆ ನೀನು ಕೆಲಸ ಮಾಡುವಾಗ ಖುಷಿಯಲ್ಲಿರ್ತಿದ್ದಿ. ಪ್ರೋಗ್ರಾಂ ಕೆಟ್ಟರೂ ಖುಷಿ ನಿನಗೆ. ನನಗೆ ಲೆಕ್ಕ ಬರ್ತಿತ್ತು, ಖುಷಿ ಬರ್ತಿರ್ಲಿಲ್ಲ. ಎರಡು ವರ್ಷ ನಿನ್ನ ಆ ಖುಷಿಯನ್ನು ಪಕ್ಕದಲ್ಲಿ ಕೂತು ನೋಡಿದೆ. ಯಾರಿಗೆ ಹೇಳುದು? ಹೇಳುದಾದ್ರೆ ನಿನಗೇ ಹೇಳ್ಬೇಕಿತ್ತು."

ನನ್ನ ಜೀವನದಲ್ಲಿ ಜೊತೆಯಿದ್ದ ವರ್ಷಗಳು ಎಂದು ನಾನು ಎಣಿಸಿಕೊಂಡಿದ್ದು ಆ ಎರಡನ್ನು ಮಾತ್ರ. ಅವೇ ಅವಳಿಗೆ ಅಷ್ಟು ಒಂಟಿಯಾಗಿದ್ದವು. ನಾನು ಲ್ಯಾಪ್‌ಟಾಪು ಮುಚ್ಚಿದೆ. ಅವಳು ನನ್ನ ಭುಜ ತಟ್ಟಿ, "ಬೇಜಾರು ಮಾಡ್ಬೇಡ. ಈಗ ಚೆಂದ ಇದ್ದೇನೆ. ಹೋಗುವ, ಅಮ್ಮ ಚಾ ಇಟ್ಟಿರ್ತಾರೆ," ಎಂದಳು. ಚಹಾ ಕುಡಿಯುತ್ತ ಅವಳ ಶಾಲೆಯ ಬಗ್ಗೆ ಮಾತಾಡಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನೆ ತಲುಪುವವರೆಗೂ ನಾನು ಕಡಲಿನ ಬಗ್ಗೆ ಯೋಚಿಸಲಿಲ್ಲ.

ಅದಾದ ಮೇಲೆ ಯಾರಾದರೂ ಬಂದು ಬಿಡಿಸಿಕೊಟ್ಟಾರೆಂದು ಕಾಯುವುದನ್ನು ಬಿಟ್ಟೆ. ಇಡೀ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದತೊಡಗಿದೆ. ಹೆಚ್ಚಿನ ಭಾಗ ನಾನು ಬರೆದದ್ದಲ್ಲ. ವರ್ಷಗಳಿಂದ ಯಾರು ಯಾರೋ ಬರೆದು ಸೇರಿಸಿದ್ದು. ಮಳೆಗಾಲ ಶುರುವಾಗಿ ಕರೆಂಟು ಹೋಗಿ ಬಂದು ಮಾಡುತ್ತಿದ್ದ ದಿನಗಳವು. ಕೊನೆಗೆ ಒಂದು ಮೂಲೆಯಲ್ಲಿ ಸಿಕ್ಕಿತು. ಮಾದರಿ ಹಾದಿ ತಪ್ಪಬಾರದೆಂದು, ಮೇಲ್ಮೈಯ ಉಪ್ಪಿನಂಶವನ್ನು ಹಲವು ವರ್ಷಗಳ ಸರಾಸರಿಯ ಕಡೆಗೆ ಮೆಲ್ಲಗೆ ಎಳೆಯುವ ಒಂದು ತಿದ್ದುಪಡಿಯನ್ನು ಯಾವಾಗಲೋ ಹಾಕಿದ್ದರು. ನಾನು ಒಂದು ಕಡೆಯಿಂದ ಕಡಿಮೆ ಉಪ್ಪಿನ ನೀರು ತರುತ್ತಿದ್ದೆ. ಆ ತಿದ್ದುಪಡಿ ಇನ್ನೊಂದು ಕಡೆಯಿಂದ ಉಪ್ಪು ಸೇರಿಸುತ್ತಿತ್ತು. ಅದನ್ನು ತೆಗೆದು ಮತ್ತೆ ಓಡಿಸಿದೆ. ಮಾದರಿಯಲ್ಲಿ ಫೆಬ್ರವರಿ ಬಂತು, ಪದರ ಉಳಿಯಿತು. ಮಾರ್ಚಿನಲ್ಲೂ ಉಳಿಯಿತು. ಏಪ್ರಿಲಿನಲ್ಲಿ ಪರದೆಯ ಮೇಲೆ ನಮ್ಮ ಕರಾವಳಿಯ ಎದುರು ಕಡಲು ಕೆಂಪಗೆ ಕಾದಿತ್ತು.

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಹೊತ್ತು. ಕೆಳಗೆ ಓಡಿದೆ. ಅಪ್ಪ ಒಬ್ಬರೇ ಬೆಂಚಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಅಪ್ಪ, ಆಯ್ತು!"

"ಎಂತ ಆಯ್ತು?"

"ನೀರು ನಿಂತಿತು. ಕರಗಲಿಲ್ಲ."

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಅರ್ಥಮಾಡಿಕೊಳ್ಳಲು ಅವರು ಪಡುತ್ತಿದ್ದ ಪ್ರಯತ್ನ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, "ಒಳ್ಳೆದಾಯ್ತು ಮಗಾ. ಊಟ ಮಾಡಿದ್ದಿಯಾ?" ಎಂದರು. ಇಲ್ಲವೆಂದೆ. ಅವರೇ ಎದ್ದು ಬಾಳೆಲೆ ಹಾಕಿ, ಉಳಿದಿದ್ದ ಸಾರು ಅನ್ನ ಬಡಿಸಿ, ಎದುರಿಗೆ ಕೂತರು. ಉಣ್ಣುತ್ತಿದ್ದಾಗ ಕಣ್ಣು ತುಂಬಿತು. ಖಾರ ಜಾಸ್ತಿಯಾಯಿತೇನೋ ಎಂದು ನೀರು ಮುಂದಿಟ್ಟರು.

ಥೀಸಿಸ್ ಒಪ್ಪಿಸಿ ಹಲವು ತಿಂಗಳಾದ ಮೇಲೆ ಮೌಖಿಕ ಪರೀಕ್ಷೆ ಆನ್‌ಲೈನ್‌ನಲ್ಲಿ ನಡೆಯಿತು. ಅದೇ ಕೋಣೆ. ಗದ್ದಲವಾಗಬಾರದೆಂದು ಅಪ್ಪ ಗ್ರೈಂಡರ್ ನಿಲ್ಲಿಸಿದ್ದರು. ಪರೀಕ್ಷಕರನ್ನು ಬಿಟ್ಟರೆ ಕೇಳಲು ಬಂದವರು ಬೆರಳೆಣಿಕೆಯಷ್ಟು ಮಂದಿ. ಆ ಹೆಸರುಗಳ ನಡುವೆ ನರಿಕೊಂಬಿನವಳದೂ ಕಂಡಿತು, ಕ್ಯಾಮೆರಾ ಆಫ್. ಲಿಂಕನ್ನು ಅವಳಿಗೆ ಕಳಿಸಿದ್ದೆ, ಬರುತ್ತಾಳೆಂದು ಎಣಿಸಿರಲಿಲ್ಲ. ಪ್ರಶ್ನೆಗಳು ಮುಗಿದು ಪದವಿಗೆ ಶಿಫಾರಸು ಮಾಡಿರುವುದಾಗಿ ಹೇಳುವವರೆಗೂ ಅವಳು ಇದ್ದಳು. ಮುಗಿದ ಕೂಡಲೇ ಫೋನು ಮಾಡಿದೆ.

"ಅರ್ಥ ಆಯ್ತಾ?"

"ಸ್ವಲ್ಪ ಸ್ವಲ್ಪ. ನಿನ್ನ ಸ್ವರ ಕೇಳ್ಲಿಕ್ಕೆ ಕೂತದ್ದು ನಾನು."

ಇನ್ನೂ ಮಾತಾಡಬೇಕೆಂದಿದ್ದೆ. ಅಷ್ಟರಲ್ಲಿ ಅವಳ ಶಾಲೆಯ ಗಂಟೆ ಹೊಡೆಯಿತು. ಕ್ಲಾಸು ಉಂಟು, ಮತ್ತೆ ಮಾಡ್ತೇನೆ ಎಂದು ಅವಳು ಫೋನಿಟ್ಟಳು.